ಪಾಯಾದ ಕೆಳಗಿನ ಸ್ಪ್ರಿಂಗು

ಕಿತ್ತೂರಿನ ಸುತ್ತಮುತ್ತ ಪಾಯಾ ಅಗೆದರೆ ಹೆಚ್ಚಿನ ಕಡೆ ಸಿಗುವುದು ಮಸಾರಿ ಮಣ್ಣು, ಅದರ ಕೆಳಗೆ ಗರಸು. ಅಲ್ಲಿಂದ ಮೂಡಣಕ್ಕೆ ಹೊರಟು ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದ ಕಡೆ ಸಾಗಿದಂತೆ ಹೊಲಗಳ ಬಣ್ಣ ಕಪ್ಪಾಗುತ್ತ ಹೋಗುತ್ತದೆ. ಹತ್ತಿ, ಜೋಳ, ಕಡಲೆ ಬೆಳೆಯುವ ಎರಿ ಭೂಮಿ. ನಡುವೆ ಎಲ್ಲಮ್ಮನ ಗುಡ್ಡದಂಥ ಮರಳುಗಲ್ಲಿನ ಗುಡ್ಡಗಳು ಎದ್ದು ನಿಲ್ಲುತ್ತವೆ, ಗುಡ್ಡ ಇಳಿದ ಕೂಡಲೇ ಮತ್ತೆ ಎರಿ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುವ ಈ ದಾರಿಯಲ್ಲಿ ಕಟ್ಟಡದ ಭಾರ ಹೊರುವ ನೆಲ ಎಷ್ಟೋ ಸಲ ಬದಲಾಗಿರುತ್ತದೆ.

ನಾನು ಬೈಲಹೊಂಗಲದಲ್ಲಿ ಸ್ಟ್ರಕ್ಚರಲ್ ಡಿಸೈನ್ ಮಾಡುವವಳು. ಈ ನಾಲ್ಕೂ ತಾಲೂಕುಗಳಿಂದ ಮನೆ, ಅಂಗಡಿ, ಗೋದಾಮು, ಸಮುದಾಯ ಭವನಗಳ ನಕ್ಷೆಗಳು ನನ್ನ ಟೇಬಲ್ಲಿಗೆ ಬರುತ್ತವೆ. ನಕ್ಷೆಯಲ್ಲಿ ಕೋಣೆಗಳ ಅಳತೆ, ದೇವರ ಮನೆಯ ದಿಕ್ಕು, ಬಾಗಿಲಿನ ಅಂಗುಲ ಎಲ್ಲ ಬರೆದಿರುತ್ತದೆ. ಕೆಳಗಿನ ಮಣ್ಣು ಯಾವುದು ಎಂಬುದೊಂದನ್ನು ಯಾರೂ ಬರೆದಿರುವುದಿಲ್ಲ. ಕೇಳಿದರೆ, "ಮೇಡಂ, ಸಣ್ಣ ಮನಿ ಐತ್ರಿ, ಒಂದ ಅಂತಸ್ತು. ಇದಕ್ಕ ಮಣ್ಣ ಟೆಸ್ಟ್ ಯಾಕ್ರಿ? ಕಂಪ್ಯೂಟರ್‌ದಾಗ ಬರ್ತೈತಲ್ರಿ" ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಅದು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಮನೆ ಕಟ್ಟಿಸುವವರಿಗೆ ಈ ಲೆಕ್ಕ ಅರ್ಥವಾಗಬೇಕು. ಅದು ಅಂಥ ಕಷ್ಟದ ಲೆಕ್ಕವೂ ಅಲ್ಲ.

ಗೋಡೆಯ ಕೆಳಗೆ ಉದ್ದಕ್ಕೆ ಹಾಕುವ ಕಾಂಕ್ರೀಟ್ ಪಟ್ಟಿಯನ್ನು ತೆಗೆದುಕೊಳ್ಳಿ. ಅದೂ ಒಂದು ಬೀಮೇ. ಮೇಲಿನ ಗೋಡೆ, ಸ್ಲ್ಯಾಬುಗಳ ಭಾರ ಅದರ ಉದ್ದಕ್ಕೂ ಒಂದೇ ಸಮನಾಗಿ ಕೂತಿರುತ್ತದೆ. ಇದನ್ನು ನಾವು ಹರಡಿದ ಭಾರ, ನಮ್ಮ ಮಾತಿನಲ್ಲಿ ಯುಡಿಎಲ್, ಎನ್ನುತ್ತೇವೆ. ಕೆಳಗೆ ನೆಲ. ಗಟ್ಟಿ ಬಂಡೆಯಾಗಿದ್ದರೆ ಚಿಂತೆಯಿಲ್ಲ. ಆದರೆ ಮಣ್ಣು ಯಾವುದಿದ್ದರೂ ಭಾರ ಬಿದ್ದಾಗ ಒಂದಿಷ್ಟು ಇಳಿಯುತ್ತದೆ. ಎಷ್ಟು ಇಳಿಯುತ್ತದೆ, ಎಲ್ಲ ಕಡೆ ಒಂದೇ ಸಮ ಇಳಿಯುತ್ತದೆಯೇ ಎಂಬುದರ ಮೇಲೆ ಗೋಡೆ ಸೀಳುವುದು, ಉಳಿಯುವುದು ನಿಂತಿದೆ.

ಇದಕ್ಕೆ ಲೆಕ್ಕದ ದಾರಿ ತೋರಿಸಿದವನು ಎಮಿಲ್ ವಿಂಕ್ಲರ್. ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಆತ 1867ರಲ್ಲಿ ತನ್ನ ಪುಸ್ತಕದಲ್ಲಿ ನೆಲವನ್ನು ಒತ್ತೊತ್ತಾಗಿ ನಿಲ್ಲಿಸಿದ ಸ್ಪ್ರಿಂಗುಗಳ ಸಾಲು ಎಂದು ಎಣಿಸಿದ. ಸ್ಪ್ರಿಂಗ್ ಗಾದಿಯ ಮೇಲೆ ಉದ್ದನೆಯ ಹಲಗೆ ಇಟ್ಟು, ಅದರ ತುಂಬ ಜನ ಕೂತ ಹಾಗೆ. ಎಷ್ಟು ಒತ್ತುತ್ತೀರೋ ಅಷ್ಟಕ್ಕೆ ತಕ್ಕಂತೆ ಸ್ಪ್ರಿಂಗು ಇಳಿಯುತ್ತದೆ. ರೈಲು ಹಳಿಯ ಲೆಕ್ಕಕ್ಕೆ ಈ ವಿಚಾರ ಬಹಳ ಒದಗಿತು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಮಂಜೂರಾಗಿರುವ ಹೊಸ ಮಾರ್ಗದ ಹಳಿಗಳಿಗೂ ಇದೇ ವಿಚಾರ ಬೇಕಾಗುತ್ತದೆ.

ವಿಂಕ್ಲರನ ಸಮೀಕರಣವನ್ನು ಕೈಯಿಂದ ಬಿಡಿಸುವುದು ದೊಡ್ಡ ಕೆಲಸ. ಕಂಪ್ಯೂಟರ್ ಬಂದ ಮೇಲೆ ಆ ಕೆಲಸವನ್ನು ಫೈನೈಟ್ ಎಲಿಮೆಂಟ್ ವಿಧಾನ ವಹಿಸಿಕೊಂಡಿತು. ಉದ್ದನೆಯ ವಸ್ತುವನ್ನು ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡಿನ ಬಾಗುವ ಗುಣವನ್ನು ಸಣ್ಣ ಕೋಷ್ಟಕವಾಗಿ ಬರೆದು, ಎಲ್ಲವನ್ನೂ ಜೋಡಿಸಿ ಒಟ್ಟಿಗೆ ಬಿಡಿಸುವ ವಿಧಾನವಿದು. ಇದು ಮೊದಲು ಬೆಳೆದದ್ದು ವಿಮಾನದ ರೆಕ್ಕೆಗಳಿಗಾಗಿ. ಬೋಯಿಂಗ್ ಕಂಪನಿಯ ಟರ್ನರ್ ಮತ್ತು ಸಂಗಡಿಗರ ಪ್ರಬಂಧ ಬಂದದ್ದು 1956ರಲ್ಲಿ. ಅವರಲ್ಲಿ ಒಬ್ಬರಾಗಿದ್ದ ರೇ ಕ್ಲಫ್ 1960ರಲ್ಲಿ ಈ ಹೆಸರನ್ನು ಕೊಟ್ಟರು. ಇಂದು ಸ್ಟಾಡ್ ಪ್ರೊ, ಇ-ಟ್ಯಾಬ್ಸ್, ಸ್ಯಾಪ್ ಎಂಬ ಸಾಫ್ಟ್‌ವೇರುಗಳಲ್ಲಿ ಯಾವುದನ್ನು ತೆರೆದರೂ ಒಳಗೆ ನಡೆಯುವುದು ಇದೇ.

ಈಗ ಒಂದು ಬೀಮನ್ನು ಪರದೆಯ ಮೇಲೆ ಎಳೆಯೋಣ. ಉದ್ದ 6 ಮೀಟರ್. ಕೆಳಗಿನ ಪಟ್ಟಿಯ ಅಗಲ 600 ಮಿಲಿಮೀಟರ್. ಒಂದಂತಸ್ತಿನ ಮನೆಯ ಒಂಬತ್ತಿಂಚಿನ ಗೋಡೆ, ಸ್ಲ್ಯಾಬಿನ ಪಾಲು ಸೇರಿ ಮೀಟರಿಗೆ 24 ಕಿಲೋನ್ಯೂಟನ್ ಭಾರ, ಅಂದರೆ ಹೆಚ್ಚುಕಡಿಮೆ ಎರಡೂವರೆ ಟನ್. ಬೀಮನ್ನು ಅರ್ಧ ಅರ್ಧ ಮೀಟರಿಗೆ ಕತ್ತರಿಸಿದರೆ 12 ತುಂಡು, 13 ಗಂಟು. ಗಂಟಿಗೆ ನೋಡ್ ಎನ್ನುತ್ತೇವೆ. ಪ್ರತಿ ಗಂಟಿನ ಕೆಳಗೆ ಒಂದು ಸ್ಪ್ರಿಂಗು.

ಸ್ಪ್ರಿಂಗಿನ ಗಡಸುತನ ಎಷ್ಟು? ಇಲ್ಲಿ ಸಾಫ್ಟ್‌ವೇರ್ ನಿಂತು ನಮ್ಮನ್ನು ಕೇಳುತ್ತದೆ. ಒಂದು ಚದರ ಮೀಟರ್ ನೆಲವನ್ನು ಒಂದು ಮೀಟರ್ ಕೆಳಗೆ ಒತ್ತಲು ಎಷ್ಟು ಬಲ ಬೇಕು ಎಂಬ ಸಂಖ್ಯೆ ಅದು. ಅಷ್ಟು ಯಾರೂ ಒತ್ತುವುದಿಲ್ಲ, ಅಳತೆಯ ಮಾನ ಅಷ್ಟೇ. ಸಬ್‌ಗ್ರೇಡ್ ಮಾಡ್ಯುಲಸ್ ಎಂದು ಅದರ ಹೆಸರು. ಗರಸಿನ ನೆಲಕ್ಕೆ 20,000 ಕಿಲೋನ್ಯೂಟನ್ ಎಂದು ಹಿಡಿಯೋಣ. ಅಗಲ 0.6, ಗಂಟಿನ ಪಾಲಿನ ಉದ್ದ 0.5. ಗುಣಿಸಿದರೆ ಒಂದು ಸ್ಪ್ರಿಂಗಿಗೆ 6,000. ತುದಿಯ ಎರಡು ಗಂಟುಗಳ ಪಾಲಿಗೆ ಕಾಲು ಮೀಟರ್ ನೆಲ ಮಾತ್ರ ಬರುವುದರಿಂದ ಅಲ್ಲಿ 3,000. ಹೊಸಬರು ತುದಿಗೂ 6,000 ಹಾಕಿಬಿಡುತ್ತಾರೆ. ಆಗ ತುದಿಗಳು ಇರಬೇಕಾದ್ದಕ್ಕಿಂತ ಗಟ್ಟಿಯಾಗಿ, ಇಲ್ಲದ ಬಾಗು ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಸಣ್ಣ ಸಂಗತಿ. ಸ್ಪ್ರಿಂಗುಗಳೆಲ್ಲ ಮೇಲೆ ಕೆಳಗೆ ಮಾತ್ರ ಹಿಡಿಯುತ್ತವೆ. ಬೀಮು ಅಡ್ಡಡ್ಡ ಜಾರದಂತೆ ಒಂದು ಗಂಟನ್ನಾದರೂ ಹಿಡಿದುಕೊಳ್ಳದಿದ್ದರೆ ಸಾಫ್ಟ್‌ವೇರ್ "ಅಸ್ಥಿರ" ಎಂದು ಕೂಗಿ ನಿಂತುಬಿಡುತ್ತದೆ.

ಲೆಕ್ಕ ಓಡಿಸಿದಾಗ ಬರುವ ಉತ್ತರ ವಿದ್ಯಾರ್ಥಿಗಳನ್ನು ಬೆರಗುಗೊಳಿಸುತ್ತದೆ. 13 ಗಂಟುಗಳೂ ಸರಿಯಾಗಿ 2 ಮಿಲಿಮೀಟರ್ ಇಳಿದಿರುತ್ತವೆ. ಬಾಗು ಸೊನ್ನೆ. ಭಾರವೂ ಸಮ, ನೆಲವೂ ಸಮ ಆದಾಗ ಬೀಮು ಇದ್ದ ಹಾಗೇ ಕೆಳಗಿಳಿಯುತ್ತದೆ, ಅದರೊಳಗಿನ ಕಬ್ಬಿಣಕ್ಕೆ ಕೆಲಸವೇ ಇರುವುದಿಲ್ಲ. ಎಲ್ಲ ಸ್ಪ್ರಿಂಗುಗಳ ಬಲ ಕೂಡಿಸಿದರೆ 144 ಕಿಲೋನ್ಯೂಟನ್, ಮೇಲಿನ ಒಟ್ಟು ಭಾರವೂ ಅಷ್ಟೇ. ಈ ಕೂಡಿಸುವ ಪರೀಕ್ಷೆ ಮಾಡದೆ ಯಾವ ಉತ್ತರವನ್ನೂ ನಾನು ಗೌಂಡಿಯ ಕೈಗೆ ಕೊಡುವುದಿಲ್ಲ.

ಸಮ ನೆಲ ಕೊಟ್ಟಾಗ ಬೀಮಿಗೆ ಬಾಧೆಯಿಲ್ಲ. ಬಾಧೆ ಶುರುವಾಗುವುದು ಸ್ಪ್ರಿಂಗುಗಳಲ್ಲಿ ಹೆಚ್ಚುಕಡಿಮೆ ಆದಾಗ. ಎರಿ ಭೂಮಿಯಲ್ಲಿ ಅದು ವರ್ಷ ವರ್ಷವೂ ಆಗುತ್ತದೆ.

ಎರಿ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ತನ್ನ ಪದರಗಳ ನಡುವೆ ನೀರು ಹೀರಿಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಚೈತ್ರ, ವೈಶಾಖದಲ್ಲಿ ಸವದತ್ತಿ, ರಾಮದುರ್ಗದ ಹೊಲಗಳು ಬಾಯಿ ಬಿಟ್ಟಿರುವುದನ್ನು ನೋಡದವರಿಲ್ಲ. ಮನೆಯ ಕೆಳಗೂ ಅದೇ ಮಣ್ಣು. ಮಳೆ ಬಿದ್ದಾಗ ಮೊದಲು ನೆನೆಯುವುದು ಮನೆಯ ಅಂಚು. ಅಂಚು ಉಬ್ಬಿ ಎತ್ತುತ್ತದೆ, ನಡುವಿನ ನೆಲ ಬೀಮಿನಿಂದ ಬಿಟ್ಟುಕೊಂಡ ಹಾಗಾಗುತ್ತದೆ. ಬ್ಯಾಸಗಿಯಲ್ಲಿ ತಿರುವುಮುರುವು. ಅಂಚು ಮೊದಲು ಒಣಗಿ ಕುಗ್ಗುತ್ತದೆ, ಮನೆಯ ನೆರಳಿನಲ್ಲಿ ತೇವ ಉಳಿಸಿಕೊಂಡ ನಡುವಿನ ನೆಲ ಮಾತ್ರ ಭಾರ ಹೊರುತ್ತದೆ.

ಇದನ್ನೂ ಪರದೆಯ ಮೇಲೆ ಮಾಡಿ ನೋಡಬಹುದು. ಮಳೆಗಾಲಕ್ಕಾಗಿ ನಡುವಿನ 2 ಮೀಟರಿನ ಸ್ಪ್ರಿಂಗು ತೆಗೆಯಿರಿ, ಅಂದರೆ ಮಧ್ಯದ ಮೂರು ಗಂಟುಗಳಿಗೆ ಆಸರೆಯಿಲ್ಲ, ಅದರ ಅಕ್ಕಪಕ್ಕದ ಎರಡಕ್ಕೆ ಅರ್ಧ ಆಸರೆ. ಬೀಮು ಬಾಗುವುದೇ ಇಲ್ಲ ಎಂದು ಹಿಡಿದು ಕೈಲೆಕ್ಕ ಮಾಡಿದರೆ ನಟ್ಟನಡುವೆ 36 ಕಿಲೋನ್ಯೂಟನ್-ಮೀಟರ್ ಬಾಗುಬಲ ಬರುತ್ತದೆ, ಬೀಮು ಕೆಳಮುಖವಾಗಿ ಜೋತುಬೀಳುತ್ತದೆ. ಬ್ಯಾಸಗಿಗಾಗಿ ನಡುವಿನವನ್ನು ಮರಳಿ ಇಟ್ಟು, ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಆಸರೆ ತೆಗೆಯಿರಿ. ಮತ್ತೆ 36, ಈ ಸಲ ಬೆನ್ನು ಮೇಲಕ್ಕೆ. ನಿಜವಾದ ಬೀಮು ಒಂದಿಷ್ಟು ಬಾಗಿ ಒತ್ತಡ ಹಂಚಿಕೊಳ್ಳುವುದರಿಂದ ಸಾಫ್ಟ್‌ವೇರ್ ಎರಡೂ ಸಲ 36ಕ್ಕಿಂತ ಕಡಿಮೆ ತೋರಿಸುತ್ತದೆ. ಹೆಚ್ಚು ತೋರಿಸಿದರೆ ಎಲ್ಲೋ ಅಂಕಿ ತಪ್ಪಿದೆ ಎಂದೇ ಅರ್ಥ.

ಅದೇ ಮನೆ, ಅದೇ ಭಾರ. ಆರು ತಿಂಗಳಲ್ಲಿ ಬಾಗು ತಲೆಕೆಳಗಾಯಿತು. ಹಾಗಾಗಿ ಎರಿ ಭೂಮಿಯ ಪಾಯಾ ಬೀಮಿಗೆ ಕೆಳಗೆಷ್ಟು ಕಬ್ಬಿಣವೋ ಮೇಲೂ ಅಷ್ಟೇ ಕಬ್ಬಿಣ ಬೇಕು. ಕಿತ್ತೂರಿನ ಗರಸಿನ ಮೇಲೆ ಮಾಡಿದ ಡಿಸೈನನ್ನು ನಕಲು ಮಾಡಿ, ಮೇಲಿನ ಎರಡು ತೆಳು ರಾಡು ಹಾಗೇ ಬಿಟ್ಟು ರಾಮದುರ್ಗದ ಎರಿಯಲ್ಲಿ ಹಾಕಿದರೆ, ಮೊದಲ ಬ್ಯಾಸಗಿಯಲ್ಲೇ ಕಿಟಕಿಯ ಮೂಲೆಯಿಂದ ಸೀಳು ಹೊರಡುತ್ತದೆ. ಸ್ಪ್ರಿಂಗಿನ ಒಂದೇ ಸಂಖ್ಯೆಯನ್ನು ಎರಡೂ ಊರಿನ ಕಡತಗಳಲ್ಲಿ ಕಂಡಾಗ ನನಗೆ ಸಂಕಟವಾಗುತ್ತದೆ. ಆ ಸಂಖ್ಯೆ ಯಾವ ನೆಲದ್ದೂ ಅಲ್ಲ, ಹಿಂದಿನ ಕಡತದ್ದು.

ಸ್ಪ್ರಿಂಗಿನ ಲೆಕ್ಕಕ್ಕೆ ಇನ್ನೂ ಒಂದು ಮಿತಿಯಿದೆ. ಸ್ಪ್ರಿಂಗು ಒತ್ತಿದಾಗ ತಳ್ಳುತ್ತದೆ, ಎಳೆದಾಗ ಹಿಡಿದುಕೊಳ್ಳುತ್ತದೆ. ನೆಲ ಯಾವತ್ತೂ ಬೀಮನ್ನು ಕೆಳಗೆ ಹಿಡಿದುಕೊಳ್ಳುವುದಿಲ್ಲ. ಒಂದು ಕಡೆ ಭಾರದ ಕಂಬ ಕೂತು ಇನ್ನೊಂದು ತುದಿ ಮೇಲೇಳುವ ಪಡಸಾಲೆಗಳಲ್ಲಿ, ಸಾಫ್ಟ್‌ವೇರಿನ ಸ್ಪ್ರಿಂಗು ಆ ತುದಿಯನ್ನು ಸುಳ್ಳು ಸುಳ್ಳೇ ಎಳೆದು ಕೂರಿಸುತ್ತದೆ. "ಒತ್ತಡ ಮಾತ್ರ" ಎಂಬ ಆಯ್ಕೆಯನ್ನು ನಾವೇ ಕೊಡಬೇಕು. ಎರಿಯ ಉಬ್ಬನ್ನು ತೋರಿಸಬೇಕಾದರೆ ಗಡಸುತನ ಬದಲಿಸಿದರೆ ಸಾಲದು, ಸ್ಪ್ರಿಂಗಿನ ಬುಡವನ್ನೇ ಇಷ್ಟು ಮಿಲಿಮೀಟರ್ ಮೇಲೆ ಎತ್ತಬೇಕು. ಎಷ್ಟು ಎಂಬುದು ಮತ್ತೆ ಮಣ್ಣೇ ಹೇಳಬೇಕಾದ ಮಾತು.

ಈಗ ಸಣ್ಣ ಮನೆಯ ಮಾತಿಗೆ ಬರುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಹಿರಿಯ ಗೌಂಡಿಯೊಬ್ಬರಿದ್ದಾರೆ, ನಾನು ಅವರಿಗೆ ಕಾಕಾ ಅನ್ನುತ್ತೇನೆ. ಯರಗಟ್ಟಿ ಕಡೆಯ ಒಂದು ಸೈಟಿನಲ್ಲಿ, ಮನೆಯವರು ಸಣ್ಣ ಮನೆಗೆ ಏನೂ ಆಗುವುದಿಲ್ಲ ಎಂದು ವಾದಿಸುವಾಗ ಅವರು ನನ್ನ ಕಡೆ ತಿರುಗಿ ಹೇಳಿದರು: "ಅವ್ವಾ, ಹಗರ ಮನೀನ ಎರಿ ಎತ್ತಿ ಒಗಿತೈತಿ. ವಾಡೇದ ಗ್ವಾಡಿಗೆ ಅದು ಅಂಜತೈತಿ." ಅವರ ಮಾತಿಗೆ ಅಂಕಿ ಹಚ್ಚಿ ನೋಡಿ. ನಮ್ಮ ಬೀಮು ನೆಲದ ಮೇಲೆ ಹಾಕುವ ಒತ್ತಡ ಚದರ ಮೀಟರಿಗೆ 40 ಕಿಲೋನ್ಯೂಟನ್. ಒಳ್ಳೆ ಎರಿ ಮಣ್ಣಿನ ಉಬ್ಬು ಒತ್ತಡ 100 ದಾಟುವುದು ಅಪರೂಪವಲ್ಲ. ಮನೆ ತುಳಿಯುವುದಕ್ಕಿಂತ ಹೆಚ್ಚಾಗಿ ಮಣ್ಣು ಎತ್ತುತ್ತದೆ. ಮೂರಂತಸ್ತಿನ ಕಟ್ಟಡಕ್ಕೆ ಜನ ತಾವಾಗಿಯೇ ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ಒಂದಂತಸ್ತಿಗೆ ಬೇಡ ಎನ್ನುತ್ತಾರೆ. ಎರಿ ಭೂಮಿಯಲ್ಲಿ ಈ ರೂಢಿ ಪೂರಾ ತಿರುವುಮುರುವಾಗಬೇಕು.

ಹಗುರವಾದದ್ದನ್ನು ಎರಿ ಎತ್ತುತ್ತದೆ ಎಂಬ ಪಾಠವನ್ನು ನಮ್ಮ ಸೀಮೆ ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಮಲಪ್ರಭೆಯ ಕಾಲುವೆಗಳಲ್ಲಿ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ನದಿ ಮರಳುಗಲ್ಲಿನ ಗುಡ್ಡ ಸೀಳಿಕೊಂಡು ಹರಿಯುತ್ತದೆ. ಅಣೆಕಟ್ಟಿಗೆ ಅಂಥ ಗಟ್ಟಿ ಕಲ್ಲು ಸಿಕ್ಕಿತು, 37 ಟಿಎಂಸಿಗೂ ಮಿಗಿಲಾದ ನೀರು ನಿಲ್ಲುವ ರೇಣುಕಾಸಾಗರ ಆಯಿತು. ಆದರೆ ಅಲ್ಲಿಂದ ಹೊರಟ ಕಾಲುವೆಗಳು ಸಾಗಬೇಕಾದದ್ದು ಎರಿಯ ಮೇಲೆ. ಕಾಲುವೆಯ ಒಳಮೈಗೆ ಹಾಸುವ ಕಾಂಕ್ರೀಟು ಕೆಲವೇ ಇಂಚು ದಪ್ಪ, ಅದರ ಮೇಲೆ ಗೋಡೆಯಿಲ್ಲ, ಮನೆಯಿಲ್ಲ. ಸ್ಪ್ರಿಂಗಿನ ಮೇಲೆ ಮಲಗಿಸಿದ ತೆಳು ಹಾಳೆ ಅದು. ಕೆಳಗಿನ ಮಣ್ಣು ನೀರು ಕುಡಿದು ಎದ್ದರೆ ಉಳಿಯುವುದಿಲ್ಲ.

1970ರ ದಶಕದಲ್ಲಿ ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಮತ್ತು ಅವರ ವಿದ್ಯಾರ್ಥಿಗಳು ಮಲಪ್ರಭಾ ಕಾಲುವೆಯ ಈ ಸಮಸ್ಯೆಯನ್ನೇ ಹಿಡಿದು ಕೂತರು. ಅವರ ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: ಎರಿಯ ಉಬ್ಬಾಟವೆಲ್ಲ ಹೆಚ್ಚಾಗಿ ಮೇಲಿನ ಒಂದು, ಒಂದೂವರೆ ಮೀಟರಿನಲ್ಲಿ, ಅದರ ಕೆಳಗೆ ಅದೇ ಮಣ್ಣು ನೆನೆದರೂ ಅಷ್ಟು ಅಲುಗುವುದಿಲ್ಲ. ಹಾಗಾದರೆ ಮೇಲಿನ ಪದರ ತೆಗೆದು, ಆ ಜಾಗದಲ್ಲಿ ಅಂಟು ಇದ್ದೂ ಉಬ್ಬದ ಮಣ್ಣನ್ನು, ಅಂದರೆ ನಮ್ಮ ಒಳ್ಳೆ ಗರಸಿನಂಥದ್ದನ್ನು, ಸುಮಾರು ಒಂದು ಮೀಟರ್ ದಪ್ಪಕ್ಕೆ ಪದರ ಪದರವಾಗಿ ದಮ್ಮಸ್ಸು ಮಾಡಿದರೆ ಸಾಕು ಎಂದು ಅವರು ತೋರಿಸಿದರು. ಸಿಎನ್‌ಎಸ್ ಪದರ ಎಂದು ಈಗ ದೇಶದ ಕಾಲುವೆ ಕಟ್ಟುವವರೆಲ್ಲ ಕರೆಯುವುದು ಇದನ್ನೇ, ಭಾರತೀಯ ಮಾನಕದಲ್ಲೂ ಅದು ಸೇರಿದೆ. ನಮ್ಮ ಎರಿಯ ಮೇಲೆ ಪಳಗಿದ ಈ ವಿದ್ಯೆ ನಮ್ಮದೇ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಪಾಯಾದಲ್ಲಿ ಒಂದಡಿ ಗರಸು ಚೆಲ್ಲಿ ನೀರು ಹಾಕಿ ಬಿಡುವುದನ್ನೇ ಜನ ಪರಿಹಾರ ಎಂದುಕೊಂಡಿದ್ದಾರೆ.

ಎರಿ ಬಹಳ ಆಳವಿದ್ದರೆ ಇನ್ನೊಂದು ದಾರಿ ಅಂಡರ್-ರೀಮ್ಡ್ ಪೈಲ್. ತುದಿಯಲ್ಲಿ ಗುಬಟು ಬಿಟ್ಟ ಈ ಕಾಂಕ್ರೀಟ್ ಕಂಬಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಭೂಮಿಗೆಂದೇ ಬೆಳೆಸಿತು. ಆಳದ ಎರಿಯಲ್ಲಿ ಕಂಬದ ಉದ್ದ ಕನಿಷ್ಠ 3.5 ಮೀಟರ್ ಇರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 2911. ಆಗ ಸ್ಪ್ರಿಂಗಿನ ಸಾಲು ಹೋಗಿ, ಬೀಮಿನ ಕೆಳಗೆ ಕಂಬ ಇದ್ದಲ್ಲಿ ಮಾತ್ರ ಒಂದೊಂದು ಗಟ್ಟಿ ಸ್ಪ್ರಿಂಗು ಉಳಿಯುತ್ತದೆ. 6 ಮೀಟರಿನ ಬೀಮಿಗೆ ಎರಡೂ ತುದಿಗೆ ಎರಡೇ ಕಂಬ ಕೊಟ್ಟರೆ ಬಾಗುಬಲ 108. ಕಂಬದಿಂದ ಕಂಬಕ್ಕೆ 2 ಮೀಟರ್ ಮಾಡಿದರೆ 12ರ ಆಸುಪಾಸು. ಅಂತರ ಮೂರರಲ್ಲಿ ಒಂದು ಪಾಲಾದರೆ ಬಾಗು ಒಂಬತ್ತರಲ್ಲಿ ಒಂದು ಪಾಲು. ಕಂಬ ಹೆಚ್ಚಿಸಿದ ಖರ್ಚು ಬೀಮಿನ ಕಬ್ಬಿಣದಲ್ಲಿ ಬಹುಪಾಲು ಮರಳಿ ಸಿಗುತ್ತದೆ.

ಅದೇ ಮಾನಕ ಇನ್ನೊಂದು ಮಾತು ಹೇಳುತ್ತದೆ: ಬೀಮಿನ ಕೆಳಗೆ ಎರಿಗೂ ಬೀಮಿಗೂ ನಡುವೆ 80 ಮಿಲಿಮೀಟರ್ ಖಾಲಿ ಬಿಡಬೇಕು. ಮಣ್ಣು ಉಬ್ಬಲು ಆ ಜಾಗ. ಇಲಿ, ಹೆಗ್ಗಣ ಸೇರುತ್ತವೆ ಎಂದು ಜನ ಅದರೊಳಗೆ ಮಣ್ಣು ಗಿಡಿದುಬಿಡುತ್ತಾರೆ. ಆ ಗಳಿಗೆಯಿಂದ ಕಂಪ್ಯೂಟರಿನಲ್ಲಿರುವ ಬೀಮು ಬೇರೆ, ಸೈಟಿನಲ್ಲಿರುವ ಬೀಮು ಬೇರೆ. ಹೊರಬದಿಗೆ ಪರ್ಸಿ ನಿಲ್ಲಿಸಿ ಮುಚ್ಚಿ, ಒಳಗಿನ ಜಾಗ ಖಾಲಿಯೇ ಇರಲಿ.

ಮಣ್ಣು ಪರೀಕ್ಷೆ ಎಂದರೆ ದೊಡ್ಡ ಯಂತ್ರ ಎಂದು ಹೆದರಬೇಕಿಲ್ಲ. ಮೊದಲ ಪರೀಕ್ಷೆ ಬಹಳ ಸರಳ. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು ಹತ್ತು ಹತ್ತು ಗ್ರಾಂ, ನೂರು ಮಿಲಿಲೀಟರಿನ ಎರಡು ಗಾಜಿನ ಜಾಡಿ. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಭಟ್ಟಿ ಇಳಿಸಿದ ನೀರು. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ತಾಸು ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಮರುದಿನ ಸೀಮೆಎಣ್ಣೆಯ ಜಾಡಿಯಲ್ಲಿ 12ರ ಗೆರೆಗೆ, ನೀರಿನ ಜಾಡಿಯಲ್ಲಿ 21ರ ಗೆರೆಗೆ ಮಣ್ಣು ನಿಂತಿದ್ದರೆ ಉಬ್ಬು ನೂರಕ್ಕೆ 75. ಐವತ್ತರ ಒಳಗಿದ್ದರೆ ನಿರಾಳ. ನೂರು ದಾಟಿದರೆ ಸಾದಾ ಪಾಯಾದ ವಿಚಾರ ಬಿಟ್ಟುಬಿಡಬೇಕು. ಗಿರಾಕಿಗಳನ್ನು ಕರೆದು ಎರಡೂ ಜಾಡಿ ಪಕ್ಕಪಕ್ಕ ಇಟ್ಟು ತೋರಿಸಿದರೆ ನಾನು ಮತ್ತೇನೂ ಹೇಳಬೇಕಾಗುವುದಿಲ್ಲ.

ಸ್ಪ್ರಿಂಗಿನ ಸಂಖ್ಯೆಗಾಗಿ ಪ್ಲೇಟ್ ಲೋಡ್ ಪರೀಕ್ಷೆಯಿದೆ. ಉಕ್ಕಿನ ತಟ್ಟೆಯನ್ನು ಪಾಯಾದ ಮಟ್ಟದಲ್ಲಿಟ್ಟು ಜ್ಯಾಕಿನಿಂದ ಒತ್ತಿ, ಎಷ್ಟು ಭಾರಕ್ಕೆ ಎಷ್ಟು ಇಳಿಯಿತು ಎಂದು ಡಯಲಿನಲ್ಲಿ ಓದುವುದು. ಅಷ್ಟು ಆಗದಿದ್ದರೆ, ನೆಲದ ಸುರಕ್ಷಿತ ಧಾರಣ ಶಕ್ತಿಯನ್ನು 120ರಿಂದ ಗುಣಿಸುವ ಒರಟು ಸೂತ್ರವೊಂದನ್ನು ಬೌಲ್ಸ್ ಎಂಬಾತ ಪಾಯಾ ಡಿಸೈನಿನ ತನ್ನ ಪಠ್ಯಪುಸ್ತಕದಲ್ಲಿ ಕೊಟ್ಟಿದ್ದಾನೆ. ನೆನೆದ ಎರಿಗೆ ಧಾರಣ ಶಕ್ತಿ ಚದರ ಮೀಟರಿಗೆ 50 ಕಿಲೋನ್ಯೂಟನ್ ಎಂದು ಹಿಡಿದರೆ 6,000 ಬರುತ್ತದೆ. ಮೊದಲು ನಾವು ಗರಸಿಗೆ ಹಿಡಿದ 20,000ದ ಮೂರನೇ ಒಂದು ಪಾಲೂ ಇಲ್ಲ. ಒಣಗಿದ ಎರಿಯನ್ನು ಹಾರೆಯಿಂದ ಗುದ್ದಿ "ಕಲ್ಲ ಇದ್ದಂಗೈತಿ" ಎನ್ನುವವರು ಅದೇ ಜಾಗವನ್ನು ಆಷಾಢದಲ್ಲಿ ತುಳಿದು ನೋಡಬೇಕು.

2019ರ ಆಗಸ್ಟ್ ತಿಂಗಳ ಮಲಪ್ರಭೆಯ ಪ್ರವಾಹದಲ್ಲಿ ರಾಮದುರ್ಗ, ಸವದತ್ತಿ ತಾಲೂಕುಗಳ ಎಷ್ಟೋ ಮನೆಗಳು ಬಿದ್ದವು. ಪೂರ್ಣ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು, ಜನ ಸಾಲ ಸೋಲ ಸೇರಿಸಿ ಮತ್ತೆ ಕಟ್ಟಿಕೊಂಡರು. ಹೊಳೆಯ ದಂಡೆಯ ಅದೇ ಎರಿಯ ಮೇಲೆ ಕಟ್ಟಿಕೊಂಡವರೂ ಇದ್ದಾರೆ. ಮಗ್ಗದ ಕುಣಿಯ ಪಕ್ಕದ ಗೋಡೆ ಸೀಳಿದ್ದನ್ನು ತೋರಿಸುತ್ತ, "ಹೊಸಾ ಮನಿ ಐತಿ, ಯಾಕ ಹಿಂಗಾತ್ರಿ ಬಾಯಾರ?" ಎಂದು ಕೇಳಿದ ಹೆಣ್ಣುಮಗಳಿಗೆ ಉತ್ತರ ಹೇಳುವುದು ಸುಲಭವಿರಲಿಲ್ಲ. ಇಟ್ಟಂಗಿ, ಸಿಮೆಂಟು, ಗೌಂಡಿಯ ಕೈ, ಎಲ್ಲವೂ ಚೆನ್ನಾಗಿತ್ತು. ನೆಲವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹಾಗಾಗಿ ಮನೆ ಕಟ್ಟಿಸುವ ಎಲ್ಲರಲ್ಲೂ ನನ್ನ ಬೇಡಿಕೆ ಇಷ್ಟೇ. ಪಾಯಾ ಹಾಕುವ ಮುಂಚೆ ಜಾಗದ ಎರಡು ಎದುರುಬದುರು ಮೂಲೆಗಳಲ್ಲಿ ಎರಡು ಮೀಟರ್ ಆಳದ ಗುಂಡಿ ತೋಡಿಸಿ. ಎರಿ ಎಲ್ಲಿಗೆ ಮುಗಿಯಿತು, ಗರಸು ಎಲ್ಲಿ ಹತ್ತಿತು ಎಂದು ಟೇಪು ಹಿಡಿದು ಬರೆದಿಡಿ. ಒಂದೊಂದು ಚೀಲ ಮಣ್ಣು ಕಟ್ಟಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯಲ್ಲಿ ಮಣ್ಣಿನ ಪ್ರಯೋಗಾಲಯ ಇರುವ ಇಂಜಿನಿಯರಿಂಗ್ ಕಾಲೇಜಿಗೆ ಕಳಿಸಿ. ಡಿಸೈನ್ ಮಾಡಿಕೊಡುವವರು ನಾನಿರಲಿ, ಮತ್ತೊಬ್ಬರಿರಲಿ, ಕೇಳಿ: ನೆಲದ ಸ್ಪ್ರಿಂಗಿಗೆ ಎಷ್ಟು ಹಾಕಿದ್ದೀರಿ, ಆ ಸಂಖ್ಯೆ ಯಾವ ಗುಂಡಿಯಿಂದ ಬಂತು? ಉತ್ತರವನ್ನು ನಕ್ಷೆಯ ಮೇಲೆಯೇ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.